ಬೆಂಗಳೂರಿಗೆ ಬರುವುದಿದ್ದರೆ ಚೈತ್ರದಲ್ಲಿ ಬನ್ನಿ

ದೊಡ್ಡ ಹಬ್ಬ ಬಂದರೆ ಬೆಂಗಳೂರು ಊರಿಗೆ ಹೊರಡುತ್ತದೆ. ಬೆಂಗಳೂರಿನ ಸ್ವಂತ ಹಬ್ಬಗಳೋ, ರಜೆಯ ಪಟ್ಟಿಯಲ್ಲೇ ಇರುವುದಿಲ್ಲ. ಹಾಗಾದರೆ ಈ ಊರನ್ನು ಅದರ ಸಡಗರದಲ್ಲಿ ನೋಡಲು ಯಾವಾಗ ಬರಬೇಕು? ಹವಾಮಾನ ನೋಡಿ ಡಿಸೆಂಬರ್ ಎನ್ನುವವರೇ ಹೆಚ್ಚು. ಪಂಚಾಂಗ ಬೇರೆಯೇ ಉತ್ತರ ಕೊಡುತ್ತದೆ.

ಗೌರಿ ಹಬ್ಬಕ್ಕೆ ಹಿಂದಿನ ಸಂಜೆ. ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ‘ಹಾಸ್ನ ಹಾಸ್ನ ಹಾಸ್ನ’ ಎಂದು ಕೂಗುತ್ತಿದ್ದ ಕಂಡಕ್ಟರ್ ದನಿ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಶಿವಮೊಗ್ಗದ ಬಸ್ಸು ಪ್ಲಾಟ್‌ಫಾರ್ಮಿಗೆ ತಿರುಗುವ ಮುಂಚೆಯೇ ಕಿಟಕಿಯಿಂದ ಒಳಗೆ ಟವೆಲ್ ಬಿದ್ದಿರುತ್ತದೆ. ತಾಯಿಗೆಂದು ತಂದ ಸೀರೆಯ ಡಬ್ಬವನ್ನು ಎದೆಗೆ ಅವುಚಿಕೊಂಡ ಹುಡುಗನೊಬ್ಬ ‘ಹೆಚ್ಚುವರಿ ಬಸ್’ ಬೋರ್ಡು ಹುಡುಕಿಕೊಂಡು ಓಡುತ್ತಾನೆ.

ಅತ್ತ ಗೊರಗುಂಟೆಪಾಳ್ಯದಿಂದ ನೆಲಮಂಗಲದ ಟೋಲ್‌ವರೆಗೆ ಕಾರುಗಳ ಹಿಂದೆ ಕಾರು. ಕೆಂಪು ದೀಪಗಳ ಆ ಸಾಲು ಮಧ್ಯರಾತ್ರಿ ದಾಟಿದರೂ ಕರಗುವುದಿಲ್ಲ. ಅದೇ ಹೊತ್ತಿಗೆ ಎದುರು ಬದಿಯ ರಸ್ತೆಯಲ್ಲಿ, ಊರಿಂದ ಬೆಂಗಳೂರಿಗೆ ಬರುವ ಬಸ್ಸಿನಲ್ಲಿ, ಬೇಕಾದ ಸೀಟು ಸಿಗುತ್ತದೆ.

ಹಬ್ಬದ ಬೆಂಗಳೂರನ್ನು ನೋಡಬೇಕೆಂದು ಯೋಜನೆ ಹಾಕುವವರು ಮೊದಲು ಗಮನಿಸಬೇಕಾದ್ದು ಇದನ್ನೇ. ಯುಗಾದಿ, ಗೌರಿ-ಗಣೇಶ, ದಸರೆ, ದೀಪಾವಳಿ ಬಂದಾಗ ಈ ಊರಿನ ಅರ್ಧ ಜನ ತಂತಮ್ಮ ಊರಲ್ಲಿರುತ್ತಾರೆ. ರಸ್ತೆ ಖಾಲಿ, ಹೋಟೆಲಿನ ಬಾಗಿಲಲ್ಲಿ ‘ಸಿಬ್ಬಂದಿ ರಜೆ’ ಚೀಟಿ. ದಸರೆ ನೋಡುವವರಿಗೆ ಮೈಸೂರಿದೆ. ದೀಪಾವಳಿಗೆ ಅವರವರ ಮನೆಯಂಗಳಕ್ಕಿಂತ ಒಳ್ಳೆಯ ಜಾಗವಿಲ್ಲ.

ಬೆಂಗಳೂರಿನದೇ ಆದ ಹಬ್ಬಗಳು ಬೇರೆ ಇವೆ. ಸಾರ್ವತ್ರಿಕ ರಜೆಯ ಪಟ್ಟಿಯಲ್ಲಿ ಕರಗಕ್ಕೆ ಜಾಗವಿಲ್ಲ, ಕಡಲೆಕಾಯಿ ಪರಿಷೆಗೂ ಇಲ್ಲ. ರಜೆ ಇಲ್ಲದ್ದರಿಂದ ಆಗ ಯಾರೂ ಊರು ಬಿಟ್ಟು ಹೋಗುವುದಿಲ್ಲ. ಕೆಲಸ ಮುಗಿಸಿ, ಬ್ಯಾಗು ಹೆಗಲಲ್ಲೇ ಇದ್ದಂತೆ ಜನ ಜಾತ್ರೆಗೆ ಇಳಿಯುತ್ತಾರೆ. ಊರು ತುಂಬಿರುವಾಗ ಊರಿನ ಹಬ್ಬವನ್ನು ನೋಡುವ ಅವಕಾಶ ಈ ದಿನಗಳಲ್ಲಿ ಮಾತ್ರ.

ತಾರೀಖಿನ ಹಬ್ಬ, ತಿಥಿಯ ಹಬ್ಬ

ದೂರದಿಂದ ಬರುವವರು ಟಿಕೆಟ್ ಮಾಡಿಸುವ ಮುನ್ನ ಒಂದು ವಿಂಗಡಣೆ ಮಾಡಿಕೊಳ್ಳಬೇಕು. ಕೆಲವಕ್ಕೆ ತಾರೀಖು ಗಟ್ಟಿ. ಸಂಕ್ರಾಂತಿ ಜನವರಿ 14 ಅಥವಾ 15. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಹಬ್ಬ ಸೆಪ್ಟೆಂಬರ್ 8. ಅಮೆರಿಕದಿಂದಲೋ ದುಬೈನಿಂದಲೋ ಬರುವ ನಮ್ಮವರು ಇವುಗಳಿಗೆ ಒಂದು ವರ್ಷ ಮೊದಲೇ ವಿಮಾನದ ಟಿಕೆಟ್ ತೆಗೆಯಬಹುದು.

ಉಳಿದವು ತಿಥಿಯನ್ನು ಹಿಡಿದು ಓಡಾಡುತ್ತವೆ. ಕಳೆದ ವರ್ಷ ಕರಗ ಏಪ್ರಿಲ್ ಕೊನೆಗೆ ಇತ್ತೆಂದು ಈ ವರ್ಷವೂ ಅದೇ ವಾರಕ್ಕೆ ಬಂದಿಳಿದರೆ, ಧರ್ಮರಾಯನ ಗುಡಿಯ ಮುಂದೆ ಚಪ್ಪರ ಬಿಚ್ಚುತ್ತಿರುವುದನ್ನು ನೋಡಬೇಕಾದೀತು.

> ಬಾಕ್ಸ್: ಹನ್ನೊಂದು ದಿನದ ಲೆಕ್ಕ
>
> ಚಾಂದ್ರಮಾನದ 12 ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹಾಗಾಗಿ ತಿಥಿಯ ಹಬ್ಬ ಪ್ರತಿವರ್ಷ ಅಷ್ಟು ಹಿಂದಕ್ಕೆ ಸರಿಯುತ್ತದೆ. ಕರಗ 2024ರಲ್ಲಿ ಏಪ್ರಿಲ್ 23ಕ್ಕೆ ಬಂದಿತ್ತು, 2025ರಲ್ಲಿ ಏಪ್ರಿಲ್ 12ಕ್ಕೆ.
>
> ಎರಡೂವರೆ ವರ್ಷ ದಾಟಿದ ಮೇಲೆ ಒಂದು ಅಧಿಕಮಾಸ ಸೇರಿಕೊಂಡು ಈ ಕೊರತೆಯನ್ನು ತುಂಬುತ್ತದೆ, ಹಬ್ಬಗಳು ಮತ್ತೆ ಮುಂದಕ್ಕೆ ಬರುತ್ತವೆ.
>
> ರಂಜಾನ್ ತಿಂಗಳಿಗೆ ಈ ಹೊಂದಾಣಿಕೆ ಇಲ್ಲ. ಅದು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ಇಫ್ತಾರ್ ಹೊತ್ತಿನ ಊಟದ ಸಾಲು ನೋಡಲು ಬರುವವರು ಆಯಾ ವರ್ಷದ ಚಂದ್ರದರ್ಶನದ ಲೆಕ್ಕವನ್ನೇ ಕೇಳಿಕೊಳ್ಳಬೇಕು.

ಸೋಮವಾರದ ಪರಿಷೆ

ತಿಥಿಯ ಜತೆಗೆ ವಾರವನ್ನೂ ಕಟ್ಟಿಕೊಂಡ ಹಬ್ಬವೆಂದರೆ ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕ ಮಾಸದ ಕೊನೆಯ ಸೋಮವಾರ. ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಬರುತ್ತದೆ.

ಈಗ ಬುಲ್ ಟೆಂಪಲ್ ರಸ್ತೆ ಇರುವ ಜಾಗ ಹಿಂದೆ ಸುಂಕೇನಹಳ್ಳಿ. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವ ಕಲ್ಲಾಗಿ ಕುಳಿತ, ಮೊದಲ ಫಸಲು ನಿನಗೇ ಎಂದು ರೈತರು ಹರಕೆ ಹೊತ್ತರು ಎಂಬುದು ಇಲ್ಲಿನ ಐತಿಹ್ಯ. ಒಕ್ಕಲುತನದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಮುಂಗಾರಿಗೆ ಬಿತ್ತಿದ ಮಳೆಯಾಶ್ರಿತ ಕಡಲೆಕಾಯಿ ಕಿತ್ತು, ಬಿಡಿಸಿ, ಒಣಗಿಸಿ ಮುಗಿಯುವುದು ಕಾರ್ತಿಕದ ಹೊತ್ತಿಗೇ. ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ, ಗಡಿಯಾಚೆಯ ಆಂಧ್ರ, ತಮಿಳುನಾಡಿನಿಂದ ಮೂಟೆಗಳು ಬಂದಿಳಿಯುತ್ತವೆ.

ರಾಮಕೃಷ್ಣ ಆಶ್ರಮದ ವೃತ್ತದಿಂದ ದೊಡ್ಡ ಬಸವಣ್ಣನ ಗುಡಿಯವರೆಗೆ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ. ಹಸಿಯದು, ಹುರಿದದ್ದು, ಬೇಯಿಸಿದ್ದು. ಮಣ್ಣಿನ ವಾಸನೆ ಇನ್ನೂ ಬಿಟ್ಟಿರದ ಹಸಿ ಕಾಯಿಯ ಪಕ್ಕದಲ್ಲೇ ಮರಳಲ್ಲಿ ಹುರಿಯುವ ಬಾಣಲೆ. ಮಾರುವವಳು ಸೇರಿನ ತುದಿ ಗೋಪುರವಾಗುವಷ್ಟು ತುಂಬಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕುತ್ತಾಳೆ. ಒಳಗೆ ದೊಡ್ಡ ಗಣಪನಿಗೂ ಬಸವಣ್ಣನಿಗೂ ಕಡಲೆಕಾಯಿಯ ಪೂಜೆ, ಹೊರಗೆ ಬತ್ತಾಸು, ಬಳೆ, ಪೀಪಿ, ತೊಟ್ಟಿಲು.

ಪರಿಷೆ ಈಗ ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಸೋಮವಾರಕ್ಕೆ ಮೊದಲೇ, ವಾರಾಂತ್ಯದಲ್ಲೇ ರಸ್ತೆ ತುಂಬಿಬಿಡುತ್ತದೆ. ನನ್ನ ಸಲಹೆ ಕೇಳುವುದಾದರೆ ಶನಿವಾರ, ಭಾನುವಾರದ ಸಂಜೆ ಬಿಟ್ಟು ಸೋಮವಾರ ಬೆಳಿಗ್ಗೆ ಆರಕ್ಕೇ ಹೋಗಿ. ರಾತ್ರಿ ರಾಶಿಯ ಪಕ್ಕದಲ್ಲೇ ಮಲಗಿದ್ದವರು ಎದ್ದು ಟಾರ್ಪಾಲು ಸರಿಸುವ ಹೊತ್ತು ಅದು. ಮಾತಾಡಲು ಅವರಿಗೆ ಪುರುಸೊತ್ತಿರುತ್ತದೆ. ಈ ವರ್ಷ ಮಳೆ ಹೇಗಿತ್ತು, ಕಾಯಿ ಎಷ್ಟು ತುಂಬಿದೆ ಎಂಬುದನ್ನು ಬೆಳೆದವರ ಬಾಯಿಂದಲೇ ಕೇಳಬಹುದು. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದರೆ ಗಾಂಧಿ ಬಜಾರಿನ ಮೂಲಕವೇ ದಾರಿ. 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಸೋಮವಾರ ತೆರೆದಿರುತ್ತದೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರವೇ ರಜೆ.

ಜೆ.ಪಿ. ನಗರದ ರಂಗ ಶಂಕರದಲ್ಲೂ ಸೋಮವಾರ ನಾಟಕವಿಲ್ಲ. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ಬಾಗಿಲು ತೆರೆದ ಈ ರಂಗಮಂದಿರದಲ್ಲಿ ವಾರದ ಉಳಿದ ದಿನಗಳಲ್ಲಿ ನಾಟಕ ನಡೆಯುತ್ತದೆ. ಪರಿಷೆಗೆ ಬರುವವರು ಭಾನುವಾರದ ಪ್ರದರ್ಶನಕ್ಕೆ ಟಿಕೆಟ್ ತೆಗೆದಿಟ್ಟುಕೊಂಡರೆ ಬಂದದ್ದಕ್ಕೂ ಸಾರ್ಥಕ. ಆದರೆ ಹೊತ್ತಿಗೆ ಸರಿಯಾಗಿ ಹೋಗಿ, ತಡವಾಗಿ ಬಂದವರಿಗೆ ಅಲ್ಲಿ ಬಾಗಿಲು ತೆಗೆಯುವುದಿಲ್ಲ.

ಚಳಿಗಾಲದ ಆಕರ್ಷಣೆ

ಡಿಸೆಂಬರ್-ಜನವರಿಯ ಪರವಾಗಿ ಹೇಳಲು ಬೇಕಾದಷ್ಟಿದೆ. ಧನುರ್ಮಾಸದ ಮುಂಜಾವಿನ ಹುಗ್ಗಿ, ವಿಶ್ವೇಶ್ವರಪುರದ ಕಡೆ ಅವರೆಕಾಯಿಯ ಸೊಗಡು, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯನ್ನು ಇಡೀ ದಿನ ಆವರಿಸುವ ಚಿತ್ರಸಂತೆ.

ಆದರೆ ಜನವರಿಯಲ್ಲಿ ಬಿಡಲೇಬಾರದ್ದು ಗವಿಪುರ. ಬಂಡೆ ಕೊರೆದ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ, ಇಳಿಬಿಸಿಲು ಕಿಟಕಿಯಿಂದ ಒಳನುಗ್ಗಿ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಆ ಕ್ಷಣಕ್ಕೆ ಗವಿಯೊಳಗೆ ಜಾಗ ಸಿಗುವುದು ಕೆಲವರಿಗೆ ಮಾತ್ರ. ಹೊರಗೆ ಪರದೆಯ ಮೇಲೆ ನೋಡುವವರೇ ಸಾವಿರಾರು. ಸೂರ್ಯನ ಉತ್ತರಾಯಣ, ದಕ್ಷಿಣಾಯನದ ಓಡಾಟದಿಂದಾಗಿ ಅಂಥದೇ ಬಿಸಿಲು ನವೆಂಬರ್ ಕೊನೆಯ ದಿನಗಳಲ್ಲೂ ಒಳಗೆ ಬರುತ್ತದೆ ಎಂಬುದನ್ನು ಖಗೋಳ ಅಧ್ಯಯನ ಮಾಡಿದವರು ತೋರಿಸಿದ್ದಾರೆ. ನೂಕುನುಗ್ಗಲು ಬೇಡ ಎನ್ನುವವರಿಗೆ ಆ ದಿನಗಳೇ ವಾಸಿ.

ಫೆಬ್ರುವರಿಗೆ ಬರುವವರಿಗೆ ಒಂದು ಎಚ್ಚರಿಕೆ. ಬೆಸ ಸಂಖ್ಯೆಯ ವರ್ಷಗಳಲ್ಲಿ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುವುದರಿಂದ ಆ ವಾರ ಹೋಟೆಲ್ ಕೋಣೆಗಳಿಗೆ ಬರ ಬರುತ್ತದೆ.

ಸೆಪ್ಟೆಂಬರಿನ ತೇರು

ಆಗಸ್ಟ್ 29ಕ್ಕೆ ಶಿವಾಜಿನಗರದ ಬೆಸಿಲಿಕಾದಲ್ಲಿ ಬಾವುಟ ಏರುತ್ತದೆ. ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಮುಗಿದು ಸೆಪ್ಟೆಂಬರ್ 8ಕ್ಕೆ ಆರೋಗ್ಯ ಮಾತೆಯ ತೇರು. ಕಾವಿ ಬಣ್ಣದ ಸೀರೆ ಉಟ್ಟ ಭಕ್ತರು, ಕೈಯಲ್ಲಿ ಮೇಣದ ಬತ್ತಿ, ಹರಕೆಗೆ ಮುಡಿ. ಎಲ್ಲ ಮತದವರೂ ಬರುತ್ತಾರೆ. ಎದುರಿಗೇ ರಸೆಲ್ ಮಾರುಕಟ್ಟೆ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ, ಕೊಡೆ ಮರೆಯಬೇಡಿ.

ನವಮಿಯಿಂದ ಹುಣ್ಣಿಮೆಗೆ

ಇಷ್ಟೆಲ್ಲ ಇದ್ದರೂ ವರ್ಷಕ್ಕೆ ಒಮ್ಮೆ ಮಾತ್ರ ಬರಲು ಸಾಧ್ಯ ಎನ್ನುವವರಿಗೆ ನಾನು ಹೇಳುವುದು ಒಂದೇ ವಾರ. ಚೈತ್ರ ಶುದ್ಧ ನವಮಿಯಿಂದ ಹುಣ್ಣಿಮೆಯವರೆಗಿನ ವಾರ.

ಬಿಸಿಲಿನ ಮಾತು ಬರುತ್ತದೆ. ನಿಜ, ಬೆಂಗಳೂರಿಗೆ ಏಪ್ರಿಲ್ಲೇ ಅತಿ ಬಿಸಿಯ ತಿಂಗಳು. 2016ರ ಏಪ್ರಿಲಿನಲ್ಲಿ ಪಾದರಸ 39.2 ಡಿಗ್ರಿ ಮುಟ್ಟಿತ್ತು. ಆದರೆ ಈ ವಾರ ನೋಡಬೇಕಾದ್ದು ಬಹುತೇಕ ಇರುವುದು ಸಂಜೆಯ ಮೇಲೆ. ಮಧ್ಯಾಹ್ನ ಮಲಗಿ, ಸಂಜೆ ಎದ್ದು ಹೊರಡಿ. ಹೊಂಗೆಯ ನೆರಳು ದಟ್ಟವಾಗಿರುವ ಕಾಲ. ಅದೃಷ್ಟವಿದ್ದರೆ ಐದು ಗಂಟೆಗೆ ಗುಡುಗಿ ಒಂದು ಮಾವಿನ ಮಳೆ ಸುರಿಯುತ್ತದೆ.

ಮೊದಲು ರಾಮನವಮಿ. ಆ ದಿನ ಮಲ್ಲೇಶ್ವರ, ರಾಜಾಜಿನಗರ, ಜಯನಗರ, ಯಾವ ಬಡಾವಣೆಯಲ್ಲಿ ನಡೆದರೂ ಚಪ್ಪರದಡಿ ನಿಂತ ಹುಡುಗರು ಕರೆದು ಲೋಟ ಕೊಡುತ್ತಾರೆ. ಬೆಲ್ಲ, ಏಲಕ್ಕಿ, ಶುಂಠಿಯ ಪಾನಕ, ನೀರುಮಜ್ಜಿಗೆ, ದೊನ್ನೆಯಲ್ಲಿ ಹೆಸರುಬೇಳೆ ಕೋಸಂಬರಿ. ಬಿಸಿಲಿಗೆ ಊರು ಕಂಡುಕೊಂಡಿರುವ ಮದ್ದು ಅದು, ಹಣ ಕೇಳುವವರಿಲ್ಲ.

ಸಂಜೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನ. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಕಟ್ಟಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ತಿಂಗಳ ಉದ್ದಕ್ಕೆ ನಡೆಯುವುದು ಇಲ್ಲೇ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ, ಬಾಲಮುರಳಿಕೃಷ್ಣ ಹಾಡಿದ್ದಾರೆ, ಭೀಮಸೇನ ಜೋಶಿಯವರೂ ಹಾಡಿದ್ದಾರೆ. ಕರ್ನಾಟಕ ಸಂಗೀತಕ್ಕೂ ಹಿಂದೂಸ್ತಾನಿಗೂ ಒಂದೇ ವೇದಿಕೆ.

ಹವಾನಿಯಂತ್ರಿತ ಸಭಾಂಗಣದ ಕಛೇರಿಯಲ್ಲಿ ಸಿಗದ ಸುಖವೊಂದು ಈ ಚಪ್ಪರದ ಕಛೇರಿಯಲ್ಲಿದೆ. ಗಾಳಿ ಬೀಸುತ್ತದೆ, ದೂರದಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ, ಮುಂದಿನ ಸಾಲಿನ ಅಜ್ಜಿ ತೊಡೆಯ ಮೇಲೆ ತಾಳ ಹಾಕುತ್ತಾ ಪಲ್ಲವಿಯ ಎಡುಪು ತಪ್ಪದಂತೆ ಕಾಯುತ್ತಾರೆ. ತನಿ ಆವರ್ತನ ಶುರುವಾದಾಗ ಎದ್ದುಹೋಗುವ ಕೆಟ್ಟ ಅಭ್ಯಾಸ ಇಲ್ಲಿ ಕಡಿಮೆ. ಮೃದಂಗದವರು ಮೂರನೇ ಕಾಲಕ್ಕೆ ಹೋಗುವಾಗ ಹಿಂದಿನ ಸಾಲುಗಳಲ್ಲಿ ಕುಳಿತವರ ಬೆರಳುಗಳೂ ಮಡಚಿಕೊಳ್ಳುತ್ತವೆ. ಸಂಗೀತ ಗೊತ್ತಿಲ್ಲದವರು ಸುಮ್ಮನೆ ಈ ಬೆರಳುಗಳನ್ನು ನೋಡುತ್ತಾ ಕುಳಿತರೂ ಸಾಕು, ತಾಳದ ಲೆಕ್ಕ ತಾನಾಗಿ ತಿಳಿಯುತ್ತದೆ.

ಇತ್ತ ಕಛೇರಿ ನಡೆಯುತ್ತಿರುವಾಗಲೇ, ನಡೆದುಹೋಗಬಹುದಾದಷ್ಟು ದೂರದ ತಿಗಳರಪೇಟೆಯಲ್ಲಿ ಕರಗ ಶುರುವಾಗಿರುತ್ತದೆ. ಸಪ್ತಮಿಗೆ ಧ್ವಜ ಏರಿದೆ. ಹುಣ್ಣಿಮೆಗೆ ಒಂದೆರಡು ದಿನ ಮುಂಚೆ, ದೊಡ್ಡ ಮೆರವಣಿಗೆಗೆ ಪೂರ್ವಭಾವಿಯಾಗಿ, ಹಸಿ ಕರಗ ಎಂಬ ಆಚರಣೆ.

ಮಲ್ಲಿಗೆಯ ರಾತ್ರಿ

ಕರಗ ತಿಗಳ ಸಮುದಾಯದವರ ಆಚರಣೆ. ಹೂವು, ತರಕಾರಿ, ತೋಟಗಾರಿಕೆ ಅವರ ಕುಲಕಸುಬು. ಅವರ ನಂಬಿಕೆಯಲ್ಲಿ ದ್ರೌಪದಿ ಆದಿಶಕ್ತಿ. ತಿಮಿರಾಸುರನನ್ನು ಕೊಲ್ಲಲು ಅವಳು ವೀರಕುಮಾರರನ್ನು ಸೃಷ್ಟಿಸಿದಳು. ಅಸುರ ಸತ್ತ ಮೇಲೆ, ಹೋಗಬೇಡ ತಾಯಿ ಎಂದು ಬೇಡಿದ ಆ ಮಕ್ಕಳಿಗೆ ವರ್ಷಕ್ಕೊಮ್ಮೆ ಬರುವೆನೆಂದು ಮಾತು ಕೊಟ್ಟಳು. ಚೈತ್ರ ಹುಣ್ಣಿಮೆಯ ರಾತ್ರಿ ಅವಳು ಬರುತ್ತಾಳೆ.

ಮಧ್ಯರಾತ್ರಿ ದಾಟಿದ ಮೇಲೆ ಧರ್ಮರಾಯಸ್ವಾಮಿ ಗುಡಿಯ ಬಾಗಿಲಲ್ಲಿ ‘ಗೋವಿಂದಾ ಗೋವಿಂದಾ’ ಎಂಬ ಕೂಗು ಒಮ್ಮೆಲೇ ಎದ್ದಿತೆಂದರೆ ಕರಗ ಹೊರಬಂತು ಎಂದರ್ಥ. ಕರಗ ಹೊರುವ ಅರ್ಚಕರು ಸೀರೆ ಉಟ್ಟು, ಬಳೆ ತೊಟ್ಟು, ತಾಳಿ ಧರಿಸಿ ದ್ರೌಪದಿಯಾಗಿರುತ್ತಾರೆ. ತಲೆಯ ಮೇಲೆ ಮಲ್ಲಿಗೆಯ ಗೋಪುರ. ಒಂದು ಕೈಯಲ್ಲಿ ಬಾಕು, ಇನ್ನೊಂದರಲ್ಲಿ ದಂಡ. ಕರಗವನ್ನು ಕೈಯಿಂದ ಹಿಡಿಯುವಂತಿಲ್ಲ.

ಹತ್ತಿರದಿಂದ ನೋಡುವ ಭಾಗ್ಯ ಸಿಕ್ಕರೆ ಅವರ ಪಾದ ನೋಡಿ. ಜನ ತಳ್ಳುತ್ತಿದ್ದಾರೆ, ನೆಲದ ಮೇಲೆ ನೀರು, ಹೂವು, ಕರ್ಪೂರದ ಬೂದಿ. ಆ ಪಾದಗಳು ಮಾತ್ರ ಸಣ್ಣ ಸಣ್ಣ ಹೆಜ್ಜೆಯಲ್ಲಿ, ಒಂದು ಕ್ಷಣವೂ ನಿಲ್ಲದೆ, ಕುಣಿತವೋ ನಡಿಗೆಯೋ ಎಂದು ಹೇಳಲಾಗದ ಲಯದಲ್ಲಿ ಸಾಗುತ್ತವೆ. ಮೇಲೆ ಕುತ್ತಿಗೆ ಅಲುಗುವುದಿಲ್ಲ. ಸುತ್ತ ಬರಿಮೈಯ ವೀರಕುಮಾರರು, ತಲೆಗೆ ಪೇಟ, ಕೈಯಲ್ಲಿ ಹಿರಿದ ಕತ್ತಿ. ಆ ಕತ್ತಿಯ ಅಲಗನ್ನು ಎದೆಗೆ ತಾಗಿಸಿ ಅವರು ಮಾಡುವುದು ಅಲಗು ಸೇವೆ. ಇಕ್ಕೆಲದ ಮಹಡಿಗಳಿಂದ ಮಲ್ಲಿಗೆ ಮೊಗ್ಗು ಮಳೆಯಂತೆ ಬೀಳುತ್ತದೆ. ಮಲ್ಲಿಗೆಯ ಸುಗ್ಗಿಯೂ ಇದೇ ಕಾಲ.

ಬೆಳಗಿನವರೆಗೆ ಕರಗ ಸುತ್ತುವ ದಾರಿಯೆಂದರೆ ಕೆಂಪೇಗೌಡರ ಪೇಟೆಯೇ. ನಗರ್ತಪೇಟೆ, ಗಾಣಿಗರಪೇಟೆ, ಅವೆನ್ಯೂ ರಸ್ತೆ, ಕೋಟೆ ಆಂಜನೇಯ. ಹಗಲಲ್ಲಿ ಸಗಟು ವ್ಯಾಪಾರದ ಮೂಟೆಗಳ ನಡುವೆ ಕಾಣದ ಪುಟ್ಟ ಗುಡಿಗಳೆಲ್ಲ ಆ ರಾತ್ರಿ ಬಾಗಿಲು ತೆರೆದು ಕಾಯುತ್ತಿರುತ್ತವೆ. ಕಾಟನ್‌ಪೇಟೆಯಲ್ಲಿ ಕರಗ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ. ತಲೆಮಾರುಗಳಿಂದ ಹೀಗೆಯೇ ನಡೆದುಬಂದಿದೆ, ದರ್ಗಾದವರೂ ಕಾದಿದ್ದು ಬರಮಾಡಿಕೊಳ್ಳುತ್ತಾರೆ. ಈ ಊರಿನ ಮೇಲೆ ನನಗೆ ಅತಿ ಹೆಚ್ಚು ಅಭಿಮಾನ ಉಕ್ಕುವುದು ಆ ಬಾಗಿಲಲ್ಲಿ ನಿಂತಾಗ.

ಹಸಿ ಕರಗಕ್ಕೆ ಸಂಪಂಗಿ ಕೆರೆಯ ನಂಟು. ಕೆರೆ ಬತ್ತಿಸಿ ಕಂಠೀರವ ಕ್ರೀಡಾಂಗಣ ಎದ್ದಿತು, ಉಳಿದದ್ದು ಒಂದು ಸಣ್ಣ ಕಲ್ಯಾಣಿಯಷ್ಟು ನೀರು. ಕರಗದವರು ಆ ಜಾಗವನ್ನು ಬಿಟ್ಟುಕೊಟ್ಟಿಲ್ಲ. ಊರು ಮರೆತ ಕೆರೆಗೆ ಪ್ರತಿ ಚೈತ್ರದಲ್ಲೂ ಹೋಗಿ ಪೂಜೆ ಸಲ್ಲಿಸುತ್ತಾರೆ. ಕೋವಿಡ್ ಕಾಲದ 2020 ಮತ್ತು 2021ರಲ್ಲಿ ಮೆರವಣಿಗೆ ಇರಲಿಲ್ಲ, ಕರಗ ಗುಡಿಯ ಆವರಣದಲ್ಲೇ ನಡೆಯಿತು.

> ಬಾಕ್ಸ್: ಕರಗ ನೋಡುವವರಿಗೆ
>
> ಸಂಜೆಯೇ ಬಂದು ಪೇಟೆಯ ಓಣಿಗಳನ್ನು ಬೆಳಕಿದ್ದಾಗ ಒಮ್ಮೆ ಸುತ್ತಿ ಗುರುತು ಮಾಡಿಕೊಳ್ಳಿ. ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ಎರಡೂ ಮೆಟ್ರೊ ನಿಲ್ದಾಣಗಳು ಹತ್ತಿರ. ರಾತ್ರಿ 11ರ ಸುಮಾರಿಗೆ ಮೆಟ್ರೊ ನಿಲ್ಲುವುದರಿಂದ ತಂಗಲು ಪೇಟೆಯ ಲಾಡ್ಜೇ ಅನುಕೂಲ.
>
> ಗುಡಿಯ ಬಾಗಿಲಲ್ಲಿ ಉಸಿರುಗಟ್ಟುವ ಜನ. ಮಕ್ಕಳು, ವಯಸ್ಸಾದವರು ಜತೆಗಿದ್ದರೆ ಅವೆನ್ಯೂ ರಸ್ತೆಯಲ್ಲಿ ಯಾವುದಾದರೂ ಅಂಗಡಿಯ ಕಟ್ಟೆ ಹಿಡಿದು ಕೂರಿ. ಕರಗ ಅಲ್ಲಿಗೇ ಬರುತ್ತದೆ, ಇಂಥ ಹೊತ್ತಿಗೇ ಎಂದು ಮಾತ್ರ ಹೇಳಲಾಗದು.
>
> ವೀರಕುಮಾರರ ಕತ್ತಿಗಳು ನಿಜವಾದವು. ದಾರಿಗೆ ಅಡ್ಡ ಬಂದು ಫೋಟೊ ತೆಗೆಯಬೇಡಿ. ಕರಗದ ಮುಖಕ್ಕೆ ಮೊಬೈಲಿನ ಫ್ಲ್ಯಾಶ್ ಹೊಡೆಯುವುದಂತೂ ಬೇಡವೇ ಬೇಡ.

ಕರಗ ಹಾದುಹೋದ ಮೇಲೆ ಮಲಗಲು ಹೊರಡಬೇಡಿ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಅಂಗಳ ಆಗಲೇ ಎದ್ದಿರುತ್ತದೆ. ಸೇವಂತಿಗೆ, ಸುಗಂಧರಾಜ, ಕನಕಾಂಬರದ ಗಂಟುಗಳು ಬಿಚ್ಚಿಕೊಳ್ಳುವ ಹೊತ್ತು. ಮಾರುಕಟ್ಟೆಯ ಸುತ್ತ ಗಾಡಿಗಳಲ್ಲಿ ಬಿಸಿ ಇಡ್ಲಿ, ಕಾಫಿ ಸಿಗುತ್ತದೆ.

ಹೊರಗಿನಿಂದ ಬಂದವರಲ್ಲಿ ಬಹುತೇಕರು ಮರುದಿನ ಬೆಳಿಗ್ಗೆಯೇ ಗಂಟು ಕಟ್ಟಿ ಹೊರಡುತ್ತಾರೆ. ಹಾಗೆ ಮಾಡಬೇಡಿ. ವಸಂತೋತ್ಸವ ಇನ್ನೂ ಬಾಕಿಯಿದೆ. ವ್ರತದಲ್ಲಿದ್ದವರು ಅರಿಸಿನ ನೀರು ಎರಚಾಡಿ ನಗುವ ದಿನ. ಟಿ.ವಿ. ಕ್ಯಾಮೆರಾಗಳು ಹೋಗಿರುತ್ತವೆ, ಪೊಲೀಸರ ಬ್ಯಾರಿಕೇಡ್ ಸರಿದಿರುತ್ತದೆ, ಗುಡಿಯ ಮುಂದೆ ಪೇಟೆಯ ಮನೆಗಳವರೇ ಹೆಚ್ಚು ಕಾಣುತ್ತಾರೆ. ರಾತ್ರಿಯಿಡೀ ಕತ್ತಿ ಹಿಡಿದು ಕಣ್ಣು ಕೆಂಪಗಿದ್ದ ವೀರಕುಮಾರ ಯುವಕರು ತಂಗಿಯರ ಕೈಗೆ ಸಿಕ್ಕಿ ತಲೆಯಿಂದ ಕಾಲಿನವರೆಗೆ ಹಳದಿಯಾಗಿರುತ್ತಾರೆ. ಬಂದವರನ್ನು ಯಾವ ಊರು ಎಂದು ಕೇಳಿ ಪ್ರಸಾದ ಕೊಡುತ್ತಾರೆ. ವಾಪಸು ಹೋಗುವ ಟಿಕೆಟ್ಟನ್ನು ವಸಂತೋತ್ಸವದ ರಾತ್ರಿಯ ಬಸ್ಸಿಗೆ ಮಾಡಿಸಿ, ಹಳದಿಯಾದರೂ ಚಿಂತೆಯಿಲ್ಲದ ಒಂದು ಹಳೆಯ ಅಂಗಿಯನ್ನು ಜತೆಗೆ ತನ್ನಿ.